ಸ್ಟೆಂಟ್ ಹಾಕುವವರು ಇದ್ದಾರೆ, ಕಾರಣ ಹುಡುಕುವವರು ಬೇಕು

ಹಾರ್ಟ್ ಅಟ್ಯಾಕ್ ಆದವರನ್ನು ಉಳಿಸುವುದು ಒಂದು ಕೆಲಸ. ಅದು ಅವರಿಗೇ ಯಾಕಾಯಿತು, ಪಕ್ಕದ ಮನೆಯವರಿಗೆ ಯಾಕಾಗಲಿಲ್ಲ ಎಂದು ಹುಡುಕುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಕೈ ಪಳಗಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎರಡನೆಯದಕ್ಕೆ ಇಡೀ ಎಂಬಿಬಿಎಸ್ ಬ್ಯಾಚಿನಲ್ಲಿ ಒಬ್ಬರು ಬಂದರೆ ಹೆಚ್ಚು. ಆ ಒಬ್ಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ಕಡೆಯವಳು. ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ., ಆಮೇಲೆ ರಕ್ತದ ಕೊಬ್ಬಿನ ಮೇಲೆ ಪಿಎಚ್.ಡಿ. ಈಗ ಬೆಂಗಳೂರಿನಲ್ಲಿ ವಾರಕ್ಕೆರಡು ದಿನ ಓಪಿಡಿ, ಉಳಿದ ದಿನ ಲ್ಯಾಬು. ಊರಿಗೆ ಹೋದಾಗಲೆಲ್ಲ ಚಿಕ್ಕಮ್ಮ ಕೇಳುತ್ತಾರೆ: "ನೀನು ಸ್ಟೆಂಟ್ ಹಾಕ್ತೀಯೇನೇ?" ಇಲ್ಲ ಅಂದರೆ, "ಮತ್ತೆ ಯಾವ ಸೀಮೆ ಹಾರ್ಟ್ ಡಾಕ್ಟ್ರೇ ನೀನು!" ಈ ಮಾತು ಅರಗಿಸಿಕೊಳ್ಳಲು ಆಗದವರು ಇಲ್ಲಿಗೇ ನಿಲ್ಲಿಸಬಹುದು. ವೃತ್ತಿ ಇರುವವರೆಗೂ ಇದು ತಪ್ಪುವುದಿಲ್ಲ.

ಮೊದಲು ಪೈಪನ್ನು ತಲೆಯಿಂದ ತೆಗೆಯಿರಿ

ರೋಗಿಗೆ ಅರ್ಥವಾಗಲಿ ಎಂದು ನಾವೆಲ್ಲ ಹೇಳುತ್ತೇವೆ: ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆ. ಓಪಿಡಿಗೆ ಅಷ್ಟು ಸಾಕು, ಸಂಶೋಧನೆಗೆ ಸಾಲದು. ಕೊಬ್ಬು ಕೂರುವುದು ನಾಳದ ಒಳಗಿನ ದಾರಿಯಲ್ಲಲ್ಲ, ಗೋಡೆಯೊಳಗೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಒಳಪದರವನ್ನು ದಾಟಿ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ನುಂಗಲು ಬಿಳಿ ರಕ್ತಕಣಗಳು ಬರುತ್ತವೆ, ನುಂಗಿ ನುಂಗಿ ಅಲ್ಲೇ ಉಬ್ಬಿ ಸಾಯುತ್ತವೆ. ಅದರ ಮೇಲೊಂದು ನಾರಿನ ಹೊದಿಕೆ ಬೆಳೆಯುತ್ತದೆ. ಹೆಚ್ಚಿನ ಹಾರ್ಟ್ ಅಟ್ಯಾಕ್ ಆಗುವುದು ಆ ಹೊದಿಕೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಅದಕ್ಕೇ ಟ್ರೆಡ್‌ಮಿಲ್ ಟೆಸ್ಟ್ ಪಾಸಾದವರು ಮುಂದಿನ ತಿಂಗಳು ಕುಸಿದು ಬೀಳುವುದುಂಟು.

ಇದೇನು ಐವತ್ತಕ್ಕೆ ಶುರುವಾಗುವ ಕಾಯಿಲೆಯೂ ಅಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಕೊಯ್ದು ನೋಡಿದ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗೂ ಹೆಚ್ಚು ಜನರ ನಾಳಗಳಲ್ಲಿ ಕಾಯಿಲೆಯ ಗುರುತು ಕಾಣುತ್ತಿತ್ತು. ಅಂದರೆ ನೀವು ಹುಡುಕುವ ಕಾರಣ ಕೆಲಸ ಮಾಡಿರುವುದು ರೋಗಿ ನಿಮ್ಮ ಮುಂದೆ ಬಂದು ಕೂರುವುದಕ್ಕೆ ಮೂವತ್ತು ವರ್ಷ ಮೊದಲು. ಈ ಕ್ಷೇತ್ರದ ಎಲ್ಲ ಕಷ್ಟವೂ ಅಲ್ಲಿಂದಲೇ ಹುಟ್ಟುತ್ತದೆ.

ಲೆಕ್ಕಕ್ಕೆ ಸಿಗದ ರೋಗಿ ನಿಮ್ಮ ರೋಗಿ

ವಿಷಯ ಹುಡುಕಲು ಜರ್ನಲ್ ತಿರುವಿ ಹಾಕಬೇಡಿ. ವಾರ್ಡಿನಲ್ಲಿ ಹುಡುಕಿ. 68 ವರ್ಷ, ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ: ಇವರಿಗೆ ಹಾರ್ಟ್ ಅಟ್ಯಾಕ್ ಆದರೆ ಅದರಲ್ಲಿ ಒಗಟಿಲ್ಲ. 31 ವರ್ಷದ ಹೆಂಗಸಿಗೆ, ಸಕ್ಕರೆ ಬಿ.ಪಿ. ಏನೂ ಇಲ್ಲದೆ ಆದರೆ ಅಲ್ಲಿ ನಿಲ್ಲಬೇಕು.

ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಹೀಗೆ ನಿಂತವರು. ಇಬ್ಬರೂ ವೈದ್ಯರು, 1966ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೊತೆಯಲ್ಲಿ ತರಬೇತಿ ಪಡೆದವರು. ಅವರನ್ನು ಕಾಡಿದ್ದು ಚಿಕ್ಕ ಮಕ್ಕಳು: ಕೊಲೆಸ್ಟ್ರಾಲ್ ಎಲ್ಲರಿಗಿಂತ ಹಲವು ಪಟ್ಟು ಹೆಚ್ಚು, ಆಟವಾಡುವ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್. ದೊಡ್ಡವರಲ್ಲಿ ನೂರು ಕಾರಣ ಹೇಳಬಹುದು. ಆರು ವರ್ಷದ ಮಗು ಬೀಡಿ ಸೇದಿಲ್ಲ, ಸಾಲದ ಚಿಂತೆ ಮಾಡಿಲ್ಲ. ಅಮೆರಿಕದ ಡಲ್ಲಸ್‌ಗೆ ಹೋದ ಮೇಲೆ ಅವರು ಅಂಥ ರೋಗಿಗಳ ಚರ್ಮದ ಚೂರಿನಿಂದ ಜೀವಕೋಶ ಬೆಳೆಸಿದರು. ಸಾಮಾನ್ಯ ಕೋಶಕ್ಕೆ ಎಲ್‌ಡಿಎಲ್ ಕೊಟ್ಟರೆ ಅದು ತನ್ನೊಳಗಿನ ಕೊಲೆಸ್ಟ್ರಾಲ್ ತಯಾರಿಕೆ ನಿಲ್ಲಿಸುತ್ತಿತ್ತು. ಈ ಮಕ್ಕಳ ಕೋಶ ಎಷ್ಟು ಕೊಟ್ಟರೂ ನಿಲ್ಲಿಸುತ್ತಿರಲಿಲ್ಲ. ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ರಿಸೆಪ್ಟರೇ ಅಲ್ಲಿ ಇರಲಿಲ್ಲ, ಇದ್ದರೂ ಕೆಟ್ಟಿತ್ತು. 1985ರಲ್ಲಿ ನೊಬೆಲ್ ಬಂತು.

ನಮ್ಮ ಹುಡುಗರು ಗಮನಿಸಬೇಕಾದ್ದು ನೊಬೆಲ್ ಅಲ್ಲ. ಡಲ್ಲಸ್‌ಗೆ ಮೊದಲು ಇಬ್ಬರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೃದಯಕ್ಕೆ ಸಂಬಂಧವೇ ಇಲ್ಲದ ಲ್ಯಾಬುಗಳಲ್ಲಿ ಕೂತು ಕಲಿತರು. ಬ್ರೌನ್ ಕಿಣ್ವಗಳ ಕೆಲಸ ಕಲಿತರು, ಗೋಲ್ಡ್‌ಸ್ಟೀನ್ ಜೀನ್ ಸಂಕೇತ ಬಿಡಿಸಿದ ನೀರೆನ್‌ಬರ್ಗ್ ಅವರ ಬಳಿ ಕಲಿತರು. ರೋಗಿ ಪ್ರಶ್ನೆ ಕೊಡುತ್ತಾನೆ. ಉತ್ತರಕ್ಕೆ ಬೇಕಾದ ಕೈಕೆಲಸವನ್ನು ಬೇರೆ ಕಡೆ ಹೋಗಿ ಕಲಿತು ಬರಬೇಕು.

ಈ ಕಾಯಿಲೆ, ಅಂದರೆ ವಂಶದಲ್ಲಿ ಬರುವ ಅಧಿಕ ಕೊಲೆಸ್ಟ್ರಾಲ್, ನಮ್ಮಲ್ಲಿ ಹುಡುಕುವವರಿಗೆ ಸಿಗುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವವರು ಸುಮಾರು 250ರಿಂದ 300 ಜನಕ್ಕೊಬ್ಬರು. ಎರಡೂ ಪ್ರತಿ ಕೆಟ್ಟ ಮಗು ಬಹಳ ಅಪರೂಪ. ಆದರೆ ಅಕ್ಕನ ಮಗಳನ್ನು ಮದುವೆಯಾಗುವ ನಮ್ಮ ಕಡೆಯ ಪದ್ಧತಿಯಲ್ಲಿ ಆ ಅಪರೂಪ ಅಷ್ಟು ಅಪರೂಪವಲ್ಲ. ಮೊಣಕೈ, ಬೆರಳಿನ ಗೆಣ್ಣು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಡಿ. ಹಳದಿ ಗಂಟುಗಳು ಇರುತ್ತವೆ. ಇಂಥವರು ಮೊದಲು ಹೋಗುವುದು ಚರ್ಮದ ಡಾಕ್ಟರ ಬಳಿ, ಗಂಟು ತೆಗೆಸಲು. ಅದಕ್ಕೇ ನಿಮ್ಮ ಆಸ್ಪತ್ರೆಯ ಚರ್ಮರೋಗ ವಿಭಾಗದವರ ಜೊತೆ ಕಾಫಿ ಕುಡಿಯುವ ಸ್ನೇಹ ಬೆಳೆಸಿಕೊಳ್ಳಿ. ನನಗೆ ಅತಿ ಮುಖ್ಯವಾದ ಕುಟುಂಬಗಳು ಸಿಕ್ಕಿದ್ದು ಕಾರ್ಡಿಯಾಲಜಿಯಿಂದಲ್ಲ, ಅಲ್ಲಿಂದ.

ವಂಶವೃಕ್ಷ ಬರೆಯುವಾಗ "ಮನೆಯಲ್ಲಿ ಯಾರಿಗಾದರೂ ಹಾರ್ಟ್ ಪ್ರಾಬ್ಲಂ ಇತ್ತಾ?" ಎಂದರೆ ಉತ್ತರ "ಇಲ್ಲ". "ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಹೋದವರು ಇದ್ದಾರಾ? ಗ್ಯಾಸ್ ಆಗಿದೆ ಅಂತ ಎದೆ ಹಿಡಿದುಕೊಂಡವರು? ಹೊಲದಲ್ಲಿ ಕುಸಿದವರು?" ಎಂದು ಕೇಳಿ. ಆಗ ಪಕ್ಕದಲ್ಲಿ ಕೂತ ಅಜ್ಜಿ ಬಾಯಿ ಬಿಡುತ್ತಾರೆ: "ನಮ್ಮ ಯಜಮಾನರ ಅಣ್ಣ, ಅವರ ಮಗ, ಇಬ್ಬರೂ ಹಂಗೇ ಹೋಗಿದ್ದು." ರೋಗಿಯನ್ನು ಕೇಳುವುದಕ್ಕಿಂತ ಜೊತೆಯಲ್ಲಿ ಬಂದ ಹಿರಿಯ ಹೆಂಗಸನ್ನು ಕೇಳುವುದು ಲೇಸು. ಸಂಬಂಧಗಳ ಲೆಕ್ಕ ಅವರ ಬಳಿ ಇರುತ್ತದೆ. ಸಿಗರೇಟಿನ ಪ್ರಶ್ನೆಯೂ ಹಾಗೆಯೇ. ಬೀಡಿ ಸೇದುವವರು "ಸಿಗರೇಟು ಇಲ್ಲ" ಎಂದು ನಿಜವನ್ನೇ ಹೇಳುತ್ತಾರೆ. "ಬಿಟ್ಟುಬಿಟ್ಟೆ ಮೇಡಂ" ಅಂದರೆ ಯಾವತ್ತು ಎಂದು ಕೇಳಿ. ಬಹಳ ಸಲ ಅದು ಅಡ್ಮಿಟ್ ಆದ ದಿನ.

ಕಾರಣವೋ, ಜೊತೆಗಾರನೋ

ಇಡೀ ವೃತ್ತಿಯ ತಿರುಳು ಇಲ್ಲಿದೆ. ಒಂದು ವಸ್ತು ರೋಗಿಗಳಲ್ಲಿ ಹೆಚ್ಚಿದ್ದ ಮಾತ್ರಕ್ಕೆ ಅದು ಕಾರಣವಲ್ಲ. ಕಾರಣದ ಜೊತೆ ಓಡಾಡುವ ನೆಂಟ ಇರಬಹುದು, ಕಾಯಿಲೆಯ ಪರಿಣಾಮವೇ ಇರಬಹುದು.

ಎಚ್‌ಡಿಎಲ್ ಕಥೆ ಓದಿ. "ಒಳ್ಳೆಯ ಕೊಲೆಸ್ಟ್ರಾಲ್" ಎಂದು ನಾವೇ ರೋಗಿಗಳಿಗೆ ಹೇಳಿಕೊಟ್ಟದ್ದು. ಅದು ಕಡಿಮೆ ಇದ್ದವರಿಗೆ ಹಾರ್ಟ್ ಅಟ್ಯಾಕ್ ಹೆಚ್ಚು ಎಂದು ಅಧ್ಯಯನದ ಮೇಲೆ ಅಧ್ಯಯನ ತೋರಿಸಿತ್ತು. ಸರಿ, ಅದನ್ನು ಏರಿಸುವ ಔಷಧ ಬಂತು: ಟಾರ್ಸೆಟ್ರಾಪಿಬ್. ಎಚ್‌ಡಿಎಲ್ 70 ಶೇಕಡಕ್ಕೂ ಹೆಚ್ಚು ಏರಿತು, ಜೊತೆಗೆ ಸಾವೂ ಏರಿತು. 2006ರಲ್ಲಿ ಪ್ರಯೋಗ ನಿಲ್ಲಿಸಿದರು. ಆ ಔಷಧ ಬಿ.ಪಿ.ಯನ್ನೂ ಏರಿಸುತ್ತಿತ್ತು, ತಪ್ಪು ಅದರದ್ದಿರಬಹುದು ಎಂದು ವಾದಿಸಲು ಜಾಗವಿತ್ತು. 2012ರಲ್ಲಿ ಸೇಕರ್ ಕತಿರೇಶನ್ ಮತ್ತು ಜೊತೆಗಾರರು ಆ ಜಾಗವನ್ನೂ ಬಹುಮಟ್ಟಿಗೆ ಮುಚ್ಚಿದರು. ಹುಟ್ಟಿನಿಂದಲೇ ಎಚ್‌ಡಿಎಲ್ ಸ್ವಲ್ಪ ಹೆಚ್ಚಿರುವಂತೆ ಮಾಡುವ ಜೀನ್ ರೂಪ ಇದ್ದವರನ್ನು ನೋಡಿದರು. ಅವರಿಗೆ ಹಾರ್ಟ್ ಅಟ್ಯಾಕ್ ಕಡಿಮೆಯೇನೂ ಇರಲಿಲ್ಲ. ತಂದೆ ತಾಯಿಯಿಂದ ಯಾವ ಪ್ರತಿ ಬರುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಊಟ, ಸಂಬಳ, ವ್ಯಾಯಾಮ ಯಾವುದೂ ಅದನ್ನು ಕೆಡಿಸಲಾರವು. ಈ ವಿಧಾನ ಕಲಿಯದೆ ಇವತ್ತು ಈ ಕ್ಷೇತ್ರಕ್ಕೆ ಬರಬೇಡಿ.

ಅದೇ ವಿಧಾನದ ಇನ್ನೊಂದು ಮುಖ ಹೆಲೆನ್ ಹಾಬ್ಸ್ ಅವರದು. ಅವರೂ ವೈದ್ಯೆ, ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಲ್ಯಾಬಿನಲ್ಲಿ ಪಳಗಿದವರು. ಎಲ್ಲರೂ ಕೊಲೆಸ್ಟ್ರಾಲ್ ಹೆಚ್ಚಿದ್ದವರ ಹಿಂದೆ ಬಿದ್ದಾಗ ಇವರು ಮತ್ತು ಜೊನಾಥನ್ ಕೊಹೆನ್ ತೀರಾ ಕಡಿಮೆ ಇದ್ದವರನ್ನು ಹುಡುಕಿದರು. ಪಿಸಿಎಸ್‌ಕೆ9 ಎಂಬ ಜೀನ್ ಅತಿಯಾಗಿ ಕೆಲಸ ಮಾಡಿದರೆ ಕೊಲೆಸ್ಟ್ರಾಲ್ ಏರುತ್ತದೆ ಎಂದು ಪ್ಯಾರಿಸ್ಸಿನ ತಂಡ 2003ರಲ್ಲಿ ತೋರಿಸಿತ್ತು. ಹಾಗಾದರೆ ಅದು ಕೆಟ್ಟು ನಿಂತರೆ? ಅಮೆರಿಕದ ಕಪ್ಪು ಜನರಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಹಾಗೆ ಕೆಟ್ಟಿತ್ತು. ಅವರ ಎಲ್‌ಡಿಎಲ್ 28 ಶೇಕಡ ಕಡಿಮೆ. ಹೃದಯದ ನಾಳದ ಕಾಯಿಲೆ 88 ಶೇಕಡ ಕಡಿಮೆ. ಇದು 2006ರ ವರದಿ. ಎರಡೂ ಪ್ರತಿ ಕೆಟ್ಟ ಒಬ್ಬ ಯುವತಿಯ ಎಲ್‌ಡಿಎಲ್ ಡೆಸಿಲೀಟರಿಗೆ ಬರೀ 14 ಮಿಲಿಗ್ರಾಂ ಇತ್ತು, ಆಕೆ ಆರೋಗ್ಯವಾಗಿದ್ದರು. ಆ 28 ಮತ್ತು 88ರ ನಡುವಿನ ಅಂತರ ನೋಡಿ. ಐವತ್ತರಲ್ಲಿ ಮಾತ್ರೆ ತಿಂದು ಇಳಿಸುವುದಕ್ಕೂ ಹುಟ್ಟಿನಿಂದ ಕಡಿಮೆ ಇರುವುದಕ್ಕೂ ಇರುವ ವ್ಯತ್ಯಾಸ ಅದು. ಈ ಜೀನಿನ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ 2015ರ ಹೊತ್ತಿಗೆ ರೋಗಿಗಳ ಕೈ ಸೇರಿತು.

ಉರಿಯೂತದ ವಿಷಯ ಇನ್ನೂ ಸೂಕ್ಷ್ಮ. ನಾಳದ ಗೋಡೆಯಲ್ಲಿ ಉರಿಯೂತ ಇದೆ ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಜರ್ಮನ್ ವೈದ್ಯ ವಿರ್ಚೋ ಹೇಳಿದ್ದರು. ಅದು ಕಾರಣವೋ, ಬೆಂಕಿಯ ಜೊತೆ ಬರುವ ಹೊಗೆಯ ಹಾಗೆ ಬರೀ ಗುರುತೋ? ಪಾಲ್ ರಿಡ್ಕರ್, ಪೀಟರ್ ಲಿಬ್ಬಿ ಮುಂತಾದವರು 10,000ಕ್ಕೂ ಹೆಚ್ಚು ರೋಗಿಗಳಲ್ಲಿ ಎಲ್‌ಡಿಎಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಕ್ಯಾನಕಿನುಮಾಬ್ ಎಂಬ ಔಷಧ ಕೊಟ್ಟು ನೋಡಿದರು. 2017ರಲ್ಲಿ ಉತ್ತರ ಬಂತು: ಮಧ್ಯದ ಡೋಸಿನಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಸಾವು ಒಟ್ಟು ಸೇರಿ 15 ಶೇಕಡ ಕಡಿಮೆ. ಆದರೆ ಸೋಂಕಿನಿಂದ ಸತ್ತವರು ಹೆಚ್ಚು. ಕಾರಣ ಸಾಬೀತಾಯಿತು, ಆ ಔಷಧ ಈ ಕೆಲಸಕ್ಕೆ ಬಳಕೆಗೆ ಬರಲಿಲ್ಲ. ಎರಡೂ ಒಂದೇ ಅಲ್ಲ ಎಂದು ಇದರಿಂದ ತಿಳಿಯಬೇಕು.

ಹಾರ್ವರ್ಡ್‌ನ ರೋಗಶಾಸ್ತ್ರಜ್ಞ ಕಿಲ್ಮರ್ ಮೆಕಲಿ ಅವರನ್ನು ಇಲ್ಲಿ ಬಿಡುವ ಹಾಗಿಲ್ಲ. ಎರಡು ಬೇರೆ ಬೇರೆ ಜನ್ಮಜಾತ ದೋಷದಿಂದ ಸತ್ತ ಇಬ್ಬರು ಮಕ್ಕಳ ನಾಳಗಳು ಒಂದೇ ರೀತಿ ಹಾಳಾಗಿದ್ದವು; ಇಬ್ಬರಲ್ಲೂ ಸಮಾನವಾಗಿದ್ದದ್ದು ಅತಿಯಾಗಿ ಏರಿದ ಹೋಮೊಸಿಸ್ಟೀನ್ ಎಂಬ ಅಮೈನೋ ಆಮ್ಲ. ಇದೇ ಕಾರಣ ಎಂದು 1969ರಲ್ಲಿ ಬರೆದರು. ಕೊಲೆಸ್ಟ್ರಾಲ್ ಬಿಟ್ಟು ಬೇರೆ ಮಾತಿಗೆ ಕಿವಿಗೊಡದ ಕಾಲ. 1970ರ ದಶಕದ ಕೊನೆಗೆ ಹಾರ್ವರ್ಡ್‌ನಲ್ಲಿ ಅವರಿಗೆ ಜಾಗ ಉಳಿಯಲಿಲ್ಲ. ಆಮೇಲೆ ಜಗತ್ತು ಅವರ ಕಡೆ ತಿರುಗಿತು, ದೊಡ್ಡ ಪ್ರಯೋಗಗಳು ನಡೆದವು. 2006ರಲ್ಲಿ ಬಂದ ಫಲಿತಾಂಶ: ಫೋಲಿಕ್ ಆಸಿಡ್, ಬಿ12 ಕೊಟ್ಟರೆ ಹೋಮೊಸಿಸ್ಟೀನ್ ಇಳಿಯುತ್ತದೆ, ಹಾರ್ಟ್ ಅಟ್ಯಾಕ್ ಇಳಿಯುವುದಿಲ್ಲ. ಆ ಮಕ್ಕಳ ಮಟ್ಟಿಗೆ ಅವರು ನೋಡಿದ್ದು ಸರಿ. ಊರಿಗೆಲ್ಲ ಅದು ಹೊಂದಲಿಲ್ಲ. ವಾರ್ಡಿನ ಅಪರೂಪದ ರೋಗಿಯ ಹಿಂದೆ ಹೋಗಿ ಎಂದೆನಲ್ಲ, ಅದರ ಅಪಾಯವೂ ಇಷ್ಟೇ ದೊಡ್ಡದು. ಬ್ರೌನ್, ಗೋಲ್ಡ್‌ಸ್ಟೀನ್, ಮೆಕಲಿ ಶುರು ಮಾಡಿದ್ದು ಒಂದೇ ರೀತಿ. ಯಾವ ಸುಳಿವು ಊರಿಗೆಲ್ಲ ಹೊಂದುತ್ತದೆ ಎಂದು ಆಯ್ಕೆ ಮಾಡುವಾಗ ಯಾರಿಗೂ ಗೊತ್ತಾಗುವುದಿಲ್ಲ.

ಹಳೆಯ ರಿಜಿಸ್ಟರ್‌ಗಳನ್ನು ಕೇಳಿ ನೋಡಿ

ಮೂವತ್ತು ವರ್ಷ ಹಿಂದಿನ ಕಾರಣ ಹುಡುಕಲು ಮೂವತ್ತು ವರ್ಷ ಕಾಯಬೇಕಿಲ್ಲ, ಹಿಂದೆಯೇ ಯಾರೋ ಬರೆದಿಟ್ಟಿದ್ದರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಕ್ಯಾರೊಲಿನ್ ಫಾಲ್, ಡೇವಿಡ್ ಬಾರ್ಕರ್ ಮತ್ತು ಮೈಸೂರಿನ ತಂಡ ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಪತ್ತೆ ಹಚ್ಚಿ ಪರೀಕ್ಷೆ ಮಾಡಿತು. 1996ರ ವರದಿಯ ಪ್ರಕಾರ 517 ಜನರಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ನಾಳದ ಕಾಯಿಲೆ 11 ಶೇಕಡ, ಮೂರು ಕಿಲೋ ದಾಟಿದವರಲ್ಲಿ 3 ಶೇಕಡ. ಯಾವುದೋ ದಾದಿ ತಕ್ಕಡಿ ನೋಡಿ ಗುಂಡಾಗಿ ಬರೆದ ಅಂಕಿ ಅರವತ್ತು ವರ್ಷದ ಮೇಲೆ ಲಾನ್ಸೆಟ್ ಎಂಬ ದೊಡ್ಡ ವೈದ್ಯಕೀಯ ಜರ್ನಲ್‌ಗೆ ಹೋಯಿತು. ಇದೂ ಕಾರಣವೋ ಜೊತೆಗಾರನೋ ಎಂಬ ಪ್ರಶ್ನೆ ಕೇಳಿಕೊಳ್ಳಬೇಕು. ಬಡತನ ತೂಕವನ್ನೂ ತಗ್ಗಿಸುತ್ತದೆ, ಮುಂದಿನ ಬದುಕನ್ನೂ ಕೆಡಿಸುತ್ತದೆ. ಆದರೂ ನಿಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನವರ ಜೊತೆ ಒಮ್ಮೆ ಕೂತು ಮಾತಾಡಿ. ಗೆದ್ದಲು ಹಿಡಿದದ್ದರ ನಡುವೆ ಏನಿದೆಯೋ ಅವರಿಗೇ ಗೊತ್ತು.

ಕೈಕೆಲಸ

ದೊಡ್ಡ ಸಿದ್ಧಾಂತಗಳು ಸಾಯುವುದು ಸಣ್ಣ ವಿಷಯಗಳಲ್ಲಿ. ಹಾರ್ಟ್ ಅಟ್ಯಾಕ್ ಆದ ಒಂದೆರಡು ದಿನದಲ್ಲಿ ಎಲ್‌ಡಿಎಲ್ ತಾನಾಗಿಯೇ ಇಳಿಯುತ್ತದೆ. ಮೇಲಾಗಿ ಕ್ಯಾಶುವಾಲ್ಟಿಯಲ್ಲೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟಿರುತ್ತಾರೆ. ಮೂರನೇ ದಿನ ರಕ್ತ ತೆಗೆದು "ನಮ್ಮ ಜನರ ಕೊಲೆಸ್ಟ್ರಾಲ್ ನಾರ್ಮಲ್ ಇದ್ದರೂ ಅಟ್ಯಾಕ್ ಆಗುತ್ತದೆ" ಎಂದು ಬರೆದ ಥೀಸಿಸ್‌ಗಳು ಎಷ್ಟಿಲ್ಲ! ಬಂದ ತಕ್ಷಣ ತೆಗೆಯಿರಿ, ಗಂಟೆ ಬರೆಯಿರಿ.

ಹೋಲಿಕೆಗೆ ಯಾರನ್ನು ತೆಗೆದುಕೊಳ್ಳುತ್ತೀರಿ ಎಂಬುದಕ್ಕೆ ಇನ್ನೂ ಹೆಚ್ಚು ಹೊತ್ತು ಕೊಡಿ. ರೋಗಿಯ ಜೊತೆ ಬಂದ ತಮ್ಮ ಸುಲಭವಾಗಿ ಸಿಗುತ್ತಾನೆ, ಆದರೆ ಅದೇ ಜೀನು, ಅದೇ ಅಡುಗೆಮನೆ. ಶ್ವಾಸಕೋಶದ ವಾರ್ಡಿನವರು ಬೇಡ, ಅಲ್ಲಿ ಬೀಡಿ ಸೇದುವವರೇ ತುಂಬಿರುತ್ತಾರೆ. ಕಾಲು ಮುರಿದುಕೊಂಡವರು ಪರವಾಗಿಲ್ಲ. ಸಲೀಂ ಯೂಸುಫ್ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ಸುಮಾರು 15,000 ರೋಗಿಗಳಿಗೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಹೋಲಿಕೆಯವರನ್ನು ವಯಸ್ಸು, ಲಿಂಗ ಹೊಂದಿಸಿ ಆರಿಸಿತು. ಒಂಬತ್ತು ಅಂಶಗಳು ಸೇರಿ ಗಂಡಸರಲ್ಲಿ 90, ಹೆಂಗಸರಲ್ಲಿ 94 ಶೇಕಡ ಅಪಾಯವನ್ನು ವಿವರಿಸುತ್ತವೆ ಎಂದು 2004ರಲ್ಲಿ ಹೇಳಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಸರಾಸರಿ 53ಕ್ಕೆ, ಉಳಿದವರಿಗೆ ಸುಮಾರು 59ಕ್ಕೆ ಎಂಬ ಲೆಕ್ಕವೂ ಅದರಿಂದಲೇ ಬಂತು. ಅಂದಹಾಗೆ ಯೂಸುಫ್ ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ.

ಫ್ರೀಜರ್ ಮೈನಸ್ 80 ಎಂದು ಬೋರ್ಡಿನಲ್ಲಿದ್ದರೆ ಸಾಲದು. ಭಾನುವಾರ ರಾತ್ರಿ ಕರೆಂಟ್ ಹೋದರೆ ಅಲಾರಂ ಯಾರ ಫೋನಿಗೆ ಬರುತ್ತದೆ ಎಂದು ತಿಳಿದುಕೊಳ್ಳಿ. ಪ್ರತಿ ಸ್ಯಾಂಪಲ್ ಎರಡು ಭಾಗ ಮಾಡಿ ಎರಡು ಫ್ರೀಜರ್‌ನಲ್ಲಿಡಿ. ರೋಗಿಯ ಫೋನ್ ನಂಬರ್ ಒಂದೇ ಬರೆದುಕೊಂಡರೆ ವರ್ಷದೊಳಗೆ ಅದು ಸತ್ತಿರುತ್ತದೆ. ಮಗಳದ್ದು, ಅಳಿಯನದ್ದು, ಊರಿನ ಅಂಗಡಿಯವರದ್ದು ಒಪ್ಪಿಗೆ ಪಡೆದು ಬರೆದುಕೊಳ್ಳಿ. ಐದು ವರ್ಷದ ಮೇಲೆ ಯಾರು ಬದುಕಿದ್ದಾರೆ ಎಂದು ತಿಳಿಯದ ಅಧ್ಯಯನಕ್ಕೆ ಬೆಲೆಯಿಲ್ಲ.

ದಾರಿ ಮತ್ತು ಕಾಸು

ಎಂಬಿಬಿಎಸ್‌ನಲ್ಲಿರುವಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎರಡು ತಿಂಗಳ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕಿ. ಫಲಿತಾಂಶ ಮುಖ್ಯವಲ್ಲ, ಎಥಿಕ್ಸ್ ಕಮಿಟಿ, ಒಪ್ಪಿಗೆ ಪತ್ರ, ಎಕ್ಸೆಲ್ ಹಾಳೆ ಇವು ನಿಮಗೆ ಹಿಡಿಸುತ್ತವೆಯೋ ಎಂದು ತಿಳಿಯುತ್ತದೆ. ಎಂ.ಡಿ. ಥೀಸಿಸ್ ಅನ್ನು ಕಾಟಾಚಾರಕ್ಕೆ ಮಾಡಬೇಡಿ. ಆಮೇಲಿನ ಕವಲಿನಲ್ಲಿ ಎಲ್ಲರೂ ನನ್ನನ್ನು ಕೇಳುವುದು: ಡಿ.ಎಂ. (ಕಾರ್ಡಿಯಾಲಜಿಯ ಮೇಲಿನ ಪದವಿ) ಮೊದಲೋ ಪಿಎಚ್.ಡಿ. ಮೊದಲೋ? ನನ್ನ ಅಭಿಪ್ರಾಯ, ಎಂ.ಡಿ. ಆದ ಕೂಡಲೇ ಪಿಎಚ್.ಡಿ. ಡಿ.ಎಂ. ಮುಗಿಸಿ ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬಿನ ಸಂಬಳ, ಮನೆ ಸಾಲ ಎರಡೂ ಶುರುವಾದ ಮೇಲೆ ವಿದ್ಯಾರ್ಥಿಯಾಗಿ ಮತ್ತೆ ಕೂರುವವರನ್ನು ಬೆರಳಲ್ಲಿ ಎಣಿಸಬಹುದು. ಇದನ್ನು ಒಪ್ಪದ ಒಳ್ಳೆಯ ಸಂಶೋಧಕರೂ ಇದ್ದಾರೆ.

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್ ವೈದ್ಯರಿಗಾಗಿಯೇ ಪ್ರತ್ಯೇಕ ಫೆಲೋಶಿಪ್ ಕೊಡುತ್ತದೆ. ಕೆಲಸಕ್ಕೆ ಸೇರುವಾಗ ಸಂಬಳಕ್ಕಿಂತ ಮೊದಲು ವಾರದಲ್ಲಿ ಎಷ್ಟು ದಿನ ನಿಮ್ಮನ್ನು ಡ್ಯೂಟಿಗೆ ಎಳೆಯುವುದಿಲ್ಲ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನ ಭರವಸೆ ಮೊದಲ ಡೆಂಗಿ ಸೀಸನ್‌ವರೆಗೆ. ಸಂಪಾದನೆ ಜೊತೆಯವರಿಗಿಂತ ಕಡಿಮೆ ಇರುತ್ತದೆ, ಮನೆಯಲ್ಲಿ ಮದುವೆ ಮಾತುಕತೆಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗೈಡ್ ಆರಿಸುವಾಗ ಅವರ ಪೇಪರ್ ಎಣಿಸಬೇಡಿ. ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ನೋಡಿ, ಅವರಲ್ಲಿ ಇಬ್ಬರಿಗಾದರೂ ಫೋನ್ ಮಾಡಿ. ಇನ್ನು ಅವರಿಗೆ ಬರೆಯುವ ಮೇಲ್. "ನಿಮ್ಮ ಘನ ಸಂಶೋಧನೆಯಿಂದ ಪ್ರಭಾವಿತನಾಗಿ" ಎಂದು ಶುರುವಾದವನ್ನು ನಾನು ಓದುವುದಿಲ್ಲ, ಅವು ನೂರು ಜನಕ್ಕೆ ಹೋಗಿರುತ್ತವೆ. ನೀವು ಕಂಡ ಒಬ್ಬ ರೋಗಿಯನ್ನು ಹೆಸರು, ಗುರುತು ಇಲ್ಲದೆ ನಾಲ್ಕು ಸಾಲಿನಲ್ಲಿ ಬರೆಯಿರಿ: ವಯಸ್ಸು, ಬಂದ ದಿನದ ಎಲ್‌ಡಿಎಲ್, ಸಾಧ್ಯವಾಗಿದ್ದರೆ ಎಲ್‌ಪಿ(ಎ) ಎಂಬ ವಂಶದಲ್ಲಿ ಬರುವ ಇನ್ನೊಂದು ಕೊಬ್ಬಿನ ಕಣದ ಮಟ್ಟ, ಮೂರು ತಲೆಮಾರಿನ ವಂಶವೃಕ್ಷ, ಮೈಮೇಲೆ ಗಂಟು ಇತ್ತೋ ಇಲ್ಲವೋ. ಕೊನೆಗೆ ಒಂದು ಪ್ರಶ್ನೆ: ಇವರಿಗೆ ಯಾಕಾಯಿತು ಎಂದು ತಿಳಿಯಲು ನಾನು ಮುಂದೆ ಏನು ಅಳೆಯಬೇಕು? ಅಂಥ ಮೇಲ್‌ಗೆ ನಾನು ಅದೇ ದಿನ ಉತ್ತರ ಬರೆಯುತ್ತೇನೆ.